ಖಾಲಿತನದ ಪಕ್ಕಾ ಪ್ರತಿ

ಅನುಮಾನ ಕೆಲವರಿಗೆ ಸ್ವಭಾವ, ಕೆಲವರಿಗೆ ಕಾಯಿಲೆ. ನನಗೆ ಅದು ಸಂಬಳ ತರುವ ಕೆಲಸ. ಜರ್ಸಿ ಸಿಟಿಯ ಒಂದು ಹಣಕಾಸು ಕಂಪನಿಯಲ್ಲಿ ಎಲ್ಲರ ಡಿಸ್ಕುಗಳ ಸ್ನ್ಯಾಪ್‌ಶಾಟ್ ತೆಗೆದಿಡುವವನು ನಾನು. ಅಂದರೆ ಡಿಸ್ಕ್ ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೆಯೇ ಅದರ ಪ್ರತಿ ಮಾಡಿಡುವುದು, ಮುಂದೆ ಡಿಸ್ಕ್ ಕೈಕೊಟ್ಟರೆ ಆ ಪ್ರತಿಯಿಂದ ಎಲ್ಲವನ್ನೂ ಮತ್ತೆ ತುಂಬಿಕೊಡುವುದು. ತುಂಬಿ ನೋಡುವವರೆಗೂ ನಾನು ಯಾವ ಪ್ರತಿಯನ್ನೂ ನಂಬುವವನಲ್ಲ. ಮನೆಯಲ್ಲೂ ಹಾಗೆಯೇ. ಬೀಗ ಹಾಕಿ, ಎಳೆದು ನೋಡಿ, ಲಿಫ್ಟಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆಯುತ್ತೇನೆ. "ಆ ಬೀಗ ಮುರಿಯೋಕೆ ಕಳ್ಳ ಬೇಡ ರೀ, ನೀವೇ ಸಾಕು" ಎನ್ನುತ್ತಾಳೆ ಹೆಂಡತಿ ವೀಣಾ.

ಮಾರುಕಟ್ಟೆ ಕುಸಿದ ಆ ಚಳಿಗಾಲದಲ್ಲಿ ನನ್ನ ಕೆಲಸಕ್ಕೆ ಹೊಸ ಅರ್ಥ ಬಂತು. ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಅವರ ಡಿಸ್ಕಿನ ಪ್ರತಿ ತೆಗೆಯಬೇಕೆಂಬುದು ಕಂಪನಿಯ ಪದ್ಧತಿ. ಹಾಗಾಗಿ ನಾನು ಕಾರಿಡಾರಿನಲ್ಲಿ ಕಾಣಿಸಿಕೊಂಡರೆ ಮಾತು ನಿಲ್ಲುತ್ತಿತ್ತು. ಧಾರವಾಡದ ಸುಧೀಂದ್ರ ಊಟದ ಹೊತ್ತಿಗೆ ಶೇಂಗಾ ಹೋಳಿಗೆ ಹಿಡಿದು ಬರುತ್ತಿದ್ದ. "ತಗೋರಿ. ಪ್ರತಿ ತೆಗಿಯೋ ಪಟ್ಟ್ಯಾಗ ನನ್ನ ಹೆಸರೇನರೆ ಬಂದದ ಏನ್ರಿ?" ಇಲ್ಲವೆಂದರೆ, "ಖರೇ ಹೇಳ್ರಿ, ನಾಳೆ ತುಪ್ಪಾನೂ ತರ್ತೀನಿ" ಎನ್ನುತ್ತಿದ್ದ. ನನ್ನ ದಿನಚರಿಯಲ್ಲಿ ಹೋಳಿಗೆಗಳ ಲೆಕ್ಕವಿದೆ. ಷೇರುಗಳು ಇಳಿದಷ್ಟೂ ಅವು ಏರಿವೆ.

ಒಂದು ಮಂಗಳವಾರ ನಮ್ಮ ಬಾಸ್, ಮೈಸೂರಿನ ಗಿರಿಧರ್, ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. "ಮಧ್ಯಾಹ್ನದೊಳಗೆ ನಿನ್ನ ಡಿಸ್ಕಿಂದೇ ಒಂದು ಸ್ನ್ಯಾಪ್‌ಶಾಟ್ ತೆಗೆದುಬಿಡಪ್ಪಾ. ಯಾರಿಗೂ ಹೇಳೋಕೆ ಹೋಗ್ಬೇಡ."

ನನ್ನ ಸರದಿ ಬಂತೆಂದು ತಿಳಿಯಲು ಆ 'ಅಪ್ಪಾ'ದಲ್ಲಿದ್ದ ಮೃದುತ್ವವೇ ಸಾಕಾಯಿತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ವೀಣಾಳ ಅರ್ಧ ಮುಗಿದ ಓದೂ ಹೋಯಿತು. ಅವಳಿಗೆ ಫೋನ್ ಮಾಡಿದೆ.

"ನೇರವಾಗಿ ಅವರನ್ನೇ ಕೇಳ್ಬಿಡಿ."

"ಕೇಳಿದ್ರೆ ನಿಜ ಹೇಳ್ತಾರಾ?"

"ಹಾಗಾದ್ರೆ ನನ್ನನ್ಯಾಕೆ ಕೇಳ್ತೀರಿ?" ಎಂದು ಇಟ್ಟುಬಿಟ್ಟಳು.

ನಾನು ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಕೂತು ಬರೆದಿದ್ದ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ನನ್ನ ಜಾಗಕ್ಕೆ ಬರುವವನು ಪುಕ್ಕಟೆ ಅನುಭವಿಸಬೇಕೇ? ಮನೆಗೆ ಒಯ್ದರೆ ಕಳ್ಳತನ. ಅಳಿಸಿದರೆ ಬರೀ ಶುಚಿತ್ವ! ಎಲ್ಲವನ್ನೂ ಅಳಿಸಿ, ಆಮೇಲೆ ಪ್ರತಿ ತೆಗೆದೆ. ಅಭ್ಯಾಸಬಲದಿಂದ ಅದನ್ನು ಬೇರೊಂದು ಡಿಸ್ಕಿಗೆ ತುಂಬಿ ಪರೀಕ್ಷಿಸಿದೆ. ಖಾಲಿತನ ಚೂರೂ ತಪ್ಪದೆ ಬಂದಿತ್ತು. ಹೊಸ ಪ್ರತಿ ಸರಿಯಿದ್ದರೆ ಜಾಗ ಉಳಿಸಲು ಹಳೆಯ ಪ್ರತಿಗಳನ್ನು ಅಳಿಸಬೇಕೆಂಬುದು ನಾನೇ ಮಾಡಿದ ನಿಯಮ. ಅದನ್ನೂ ಪಾಲಿಸಿದೆ.

ಊಟವಾದ ಮೇಲೆ ಗಿರಿಧರ್ ನಗುತ್ತಾ ಬಂದರು. ಕೈಯಲ್ಲೊಂದು ಹೊಸ ಡಿಸ್ಕ್. "ನಿಂದು ಕೆಡೋ ಹಾಗಿದೆ ಅಂತ ವಾರ್ನಿಂಗ್ ಬಂದಿತ್ತು. ಬಜೆಟ್ ಫ್ರೀಜ್‌ನಲ್ಲಿ ಇದೊಂದೇ ಸ್ಯಾಂಕ್ಷನ್ ಆಗಿದ್ದು. ಗೊತ್ತಾದ್ರೆ ಎಲ್ರೂ ನನಗೂ ಬೇಕು ಅಂತಾರೆ, ಅದಕ್ಕೇ ಗುಟ್ಟು. ಎಲ್ಲಿ, ತುಂಬು ನೋಡೋಣ."

ತುಂಬಿದೆ. ಕ್ಷಣದಲ್ಲಿ ಮುಗಿಯಿತು. ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗಿದರು.

"ಇಷ್ಟೇನಾ?"

"ಪ್ರತಿ ಸರಿಯಾಗಿದೆ ಸರ್. ಪರೀಕ್ಷೆ ಮಾಡಿದ್ದೀನಿ."

"ಅದು ಸರಿ. ಇಷ್ಟು ವರ್ಷ ನೀನು ಏನಪ್ಪಾ ಮಾಡ್ತಿದ್ದೆ ಇಲ್ಲಿ?"

ಕೆಲಸವೇನೋ ಉಳಿಯಿತು. ಆದರೆ ಅಂದಿನಿಂದ ಪ್ರತಿ ಶುಕ್ರವಾರ, ಆ ವಾರ ಏನೇನು ಮಾಡಿದೆನೆಂದು ಅವರ ಮುಂದೆ ಕೂತು ವಿವರಿಸಬೇಕು. ನನಗೆ ಅವರ ಮೇಲೆ ಅನುಮಾನ, ಅವರಿಗೆ ನನ್ನ ಮೇಲೆ. ನನ್ನದಕ್ಕೆ ಆಗಲೂ ಆಧಾರವಿರಲಿಲ್ಲ, ಈಗಲೂ ಇಲ್ಲ. ಅವರದಕ್ಕೆ ಮಾತ್ರ ಪಕ್ಕಾ ಆಧಾರವಿದೆ, ಪರೀಕ್ಷಿಸಿ ಕೊಟ್ಟವನು ನಾನೇ.