ಅಷ್ಟಮಿಗೇ ಬಿಡುವಾಗುವ ಮೊಮ್ಮಗ

ನನ್ನ ಮೊಮ್ಮಗ ಮಲ್ಲಪ್ಪನ ಮದುವೆ ಗಟ್ಟಿಯಾಯಿತು! ಬಬಲೇಶ್ವರದ ಶಾಂತವ್ವ ಇವತ್ತು ಎಲ್ಲರೆದುರಿಗೇ ಹೂಂ ಅಂದಳು. ಸಂತೋಷಕ್ಕೆ ಎದೆ ಸಾಲುತ್ತಿಲ್ಲ, ಸಿಟ್ಟೂ ಇಳಿದಿಲ್ಲ. ಎರಡನ್ನೂ ಬೇರೆ ಬೇರೆ ಇಡುವುದನ್ನು ಮೂರನೆಯ ಇಯತ್ತೆಯವರೆಗೆ ಕಲಿಸುವುದಿಲ್ಲ. ನಾನು ಕಲಿತದ್ದು ಅಷ್ಟೇ.

ಮಲ್ಲಪ್ಪ ಕಾರವಾರದ ಕಡೆ ಸಾಲಿ ಮಾಸ್ತರ. ಅಲ್ಲಿ ಸಮುದ್ರದ ನೀರು ದಿನಕ್ಕೆರಡು ಸಲ ಹಿಂದೆ ಸರಿದು ಬಂಡೆಗಳು ಬಯಲಾಗುತ್ತವಂತೆ. ಬಂಡೆಯ ಸಂದಿಯ ನೀರಿನಲ್ಲಿ ಬಸವನಹುಳುವಿನಂಥ ಒಂದು ಹುಳು. ಬೆನ್ನಿಗೆ ಚಿಪ್ಪಿಲ್ಲ, ಮೈತುಂಬ ಬಣ್ಣ. ಯುದ್ಧ ಮುಗಿದು ಫಿಲ್ಮು ಸಿಗತೊಡಗಿದ್ದೇ ತಡ, ಇವನು ಡಬ್ಬಿ ಕ್ಯಾಮೆರಾ ಹಿಡಿದು ಅದರ ಬೆನ್ನು ಹತ್ತಿದ. ಸಣ್ಣದು ದೊಡ್ಡದಾಗಿ ಕಾಣಲೆಂದು ಕ್ಯಾಮೆರಾದ ಮೂಗಿಗೆ ಒಂದು ಗಾಜು ಕಟ್ಟಿದ್ದಾನೆ. ಅದು ನನ್ನ ಓದುವ ಚಾಳೀಸಿನ ಗಾಜೆಂದು ನಿನ್ನೆ ಅವನು ಊರಿಗೆ ಬಂದಾಗ ತಿಳಿಯಿತು! ದೀಪಾವಳಿಯಿಂದ ಅದನ್ನು ಹುಡುಕುತ್ತ ಸೊಸೆಯನ್ನು ಬೈದದ್ದೆಲ್ಲ ದಂಡವಾಯಿತು. ಈ ಸಾಲುಗಳು ಸೊಟ್ಟಗಿದ್ದರೆ ತಪ್ಪು ಅವನದೇ.

ಹುಡುಗಿಯ ಮನೆಯವರು ಗಂಡಿನ ಫೋಟೋ ಕೇಳಿದ್ದರು. ನೇರವಾಗಿ ಅವರಿಗೇ ಕಳಿಸೆಂದು ಕಾಗದ ಹಾಕಿಸಿದೆ. ಎಂಟು ದಿನಕ್ಕೆ ಹುಡುಗಿಯ ಅಪ್ಪ ಲಕೋಟೆ ಹಿಡಿದು ಟಿಕೋಟದ ನಮ್ಮ ಮನೆಗೆ ಬಂದರು.

"ಅವ್ವಾರ, ಇದರಾಗ ನಿಮ್ಮ ಹುಡುಗ ಯಾವಾಂವರಿ?"

ನೋಡಿದರೆ ಬರೀ ಹುಳು! ಕಪ್ಪು ಬಿಳುಪಿನಲ್ಲಿ ಅಗಿದು ಉಗುಳಿದ ಎಲೆಯಡಿಕೆಯ ಹಾಗಿತ್ತು. ಫೋಟೋದ ಬೆನ್ನಿಗೆ, "ಮೈ ನೀಲಿ, ಅಂಚು ಹಳದಿ" ಎಂದು ಬರೆದಿದ್ದನಂತೆ. ಬೈದು ಕಾಗದ ಬರೆಸಿದರೆ, "ಕ್ಯಾಮೆರಾ ನನ್ನ ಕೈಯಾಗ ಇರ್ತೈತಿ, ನನ್ನ ಫೋಟೋ ಯಾರು ತೆಗೀಬೇಕು?" ಎಂದು ಉತ್ತರ.

ಹುಣ್ಣಿಮೆಗೆ ಹುಡುಗಿ ನೋಡಲು ಬಾ ಎಂದರೆ, ಅಂದು ನೀರು ಬಹಳ ಇಳಿಯುತ್ತದೆ, ಹುಳು ಸಿಗುವ ದಿನ, ಬರಲಾರೆ ಎಂದ. ನೀರು ಅಷ್ಟಾಗಿ ಇಳಿಯದ ಅಷ್ಟಮಿಗೆ ಬಿಡುವಂತೆ! ಅಷ್ಟಮಿಗೆ ನಾವು ಹೊಸ ಸೀರೆಯ ಮಡಿಕೆ ಕೂಡ ಬಿಚ್ಚುವವರಲ್ಲ. ಇಟ್ಟಂಗಿಹಾಳದ ಇನ್ನೊಂದು ಗಂಡು ಬೇರೆ ಅವಳನ್ನು ನೋಡಲು ಹುಣ್ಣಿಮೆಗೇ ತಯಾರಾಗಿ ನಿಂತಿತ್ತು. ಸಂಬಂಧ ಕೈತಪ್ಪಿತೆಂದು ಮೊಮ್ಮಗನ ಏಳು ಜನ್ಮ ಜಾಲಾಡಿದೆ. ಅಷ್ಟರಲ್ಲಿ ಬಬಲೇಶ್ವರದಿಂದ ಹೇಳಿಕೆ ಬಂತು: "ಅಷ್ಟಮಿಗೇ ಬರ್ಲಿ ಅಂತ ನಮ್ಮ ಹುಡುಗಿ ಹಠ ಹಿಡದಾಳ."

ಇವತ್ತು ಮಲ್ಲಪ್ಪನನ್ನು ಕರೆದುಕೊಂಡು ಹೋದೆವು. ಶಾಂತವ್ವ ತಲೆ ತಗ್ಗಿಸಿ ಕುಳಿತಾಳೆಂದುಕೊಂಡರೆ ಲಕೋಟೆ ತಂದು ಬಿಚ್ಚಿದಳು.

"ಇದರ ಮಾರಿ ಯಾವ ಕಡಿ ಐತ್ರಿ?"

"ಈ ಎರಡು ಕೋಡು ಅದಾವಲ್ಲ, ಆ ಕಡಿ. ಹಿಂದ ಹೂವಿನಂಗ ಅರಳಿದ್ದು ಉಸುರಾಡೋದು."

"ಬೆನ್ನಿಲೆ ಉಸುರಾಡ್ತೈತಿ? ಯವ್ವಾ!" ಎಂದು ನಕ್ಕಳು. ಇವನೂ ನಕ್ಕ. ಹಿರಿಯರು ಕೂತಿದ್ದೇವೆಂಬ ಖಬರು ಇಬ್ಬರಿಗೂ ಇಲ್ಲ. ಅವಳಪ್ಪ ಸಾಕಾಗಿ, "ಒಪ್ಪಿಗಿ ಏನವ್ವಾ?" ಎಂದರು. ಫೋಟೋದಿಂದ ಕಣ್ಣೆತ್ತದೆ ಹೂಂ ಎಂದಳು.

ಇವನಿಗೆ ಬರೀ ರೊಟ್ಟಿ ಚಟ್ನಿ ಹಾಕಬೇಕೆಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಆಣೆ ಮಾಡಿಕೊಂಡು ಬಂದೆ. ಸಂಜೆ ಮನೆಮಂದಿಯೆಲ್ಲ ಸಾಲಾಗಿ ಕುಳಿತಾಗ ಅವನ ಹೋಳಿಗೆಯ ಮೇಲೆ ತುಪ್ಪ ಹರಿದು ಗಂಗಾಳದ ಅಂಚು ಮುಟ್ಟಿತು.

"ಸಾಕ ಬೇ ಆಯಿ!"

"ಬಾಯಿ ಮುಚ್ಚಿ ಉಣ್ಣೋ ಖೋಡಿ!" ಎಂದು ತುಪ್ಪದ ಮಿಳ್ಳಿಯನ್ನೇ ಬೋರಲು ಹಾಕಿದೆ. ಬೈಯುತ್ತಲೇ ಪಕ್ಕದಲ್ಲಿ ಉಣ್ಣಲು ಕುಳಿತರೆ, ನನ್ನ ಹೋಳಿಗೆಗೆ ಒಂದು ಹನಿ ತುಪ್ಪ ಉಳಿದಿರಲಿಲ್ಲ.