ಅತ್ತೆಯ ಮಡಿಲಲ್ಲಿದ್ದ ಕಲ್ಲು

ಹೈಸ್ಕೂಲಿನಲ್ಲಿದ್ದಾಗಲೇ ದೊಡ್ಡ ಪ್ರಯೋಗಾಲಯಕ್ಕೆ ಕಾಲಿಟ್ಟವರು ಅರ್ಜಿ ಬರೆದೋ ಶಿಫಾರಸು ಹಿಡಿದೋ ಹೋಗಿರುತ್ತಾರೆ. ನಾನು ಚಿನ್ನ ಕದ್ದ ಆರೋಪದ ಮೇಲೆ ಹೋದೆ. ಇದರ ಪೂರ್ತಿ ಕೀರ್ತಿ ಬೂದಿಕೋಟೆಯ ನನ್ನ ಸೋದರತ್ತೆಗೆ ಸಲ್ಲಬೇಕು. ಬಿ.ಎಸ್ಸಿ. ಮುಗಿಸಿ ಇಷ್ಟು ಕಾಲವಾದರೂ ಯಾವುದೇ ಗೇಟಿನ ಬಳಿ ಕಾವಲುಗಾರ ಕೆಮ್ಮಿದರೆ ಸಾಕು, ನನ್ನ ಅಂಗೈ ಬೆವರುತ್ತದೆ.

ತಮ್ಮ ರಾಗಿ ಹೊಲದಲ್ಲಿ ಚಿನ್ನವಿದೆ ಎಂಬುದು ಅತ್ತೆಯ ನಂಬಿಕೆ. ಹತ್ತಿರದ ಚಿನ್ನದ ಗಣಿಯವರು ಪಾತಾಳದವರೆಗೆ ತೋಡುತ್ತಿದ್ದುದು ಇವರ ಹೊಲಕ್ಕೆ ಬರಲು ನಾಚಿಕೊಂಡು ಎಂಬಂತೆ! ಉಳುವಾಗ ಸಿಕ್ಕ ಹೊಳೆಯುವ ಕಲ್ಲೆಲ್ಲ ಅಟ್ಟ ಸೇರುತ್ತಿತ್ತು. ನೆಂಟರು ಬಂದರೆ ಕಾಫಿಗಿಂತ ಮೊದಲು ಕಲ್ಲು ಬರುತ್ತಿತ್ತು. ಮೆಚ್ಚಿದವರಿಗೆ ಮಾತ್ರ ಕಾಫಿ.

ನನ್ನ ಹುಚ್ಚು ಬೇರೆ. ಒಂದೇ ಒಂದು ಪ್ರಯೋಗವನ್ನು ಕೈಯಾರೆ ಮಾಡಬೇಕು. ಬಂಗಾರಪೇಟೆಯ ನಮ್ಮ ಶಾಲೆಯಲ್ಲಿ ಗಾಜಿನ ಸಾಮಾನೆಲ್ಲ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ಜಲಜನಕ, ಆಮ್ಲಜನಕ ಎಲ್ಲವನ್ನೂ ಮೇಷ್ಟರು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದಲೇ ತಯಾರಿಸುತ್ತಿದ್ದರು. ಮನೆಯಲ್ಲಿ ಅಪ್ಪ ಎಸ್ಸೆಸ್ಸೆಲ್ಸಿ ಆದ ಕೂಡಲೇ ಮದುವೆ ಎಂದು ಆಗಲೇ ಜಾತಕ ಹೊರಗೆ ತೆಗೆದಿದ್ದರು. ಮೇಷ್ಟರ ಬಳಿ ಬೀರು ತೆಗೆಯಿರೆಂದು ಗೋಗರೆದರೆ, "ಅಷ್ಟೊಂದು ಆಸೆ ಇದ್ದರೆ ಗಣಿಯ ಲ್ಯಾಬಿಗೆ ಹೋಗಮ್ಮ" ಎಂದರು. ಅದು ಹಂಗಿಸಿದ ಮಾತು. ಅತ್ತೆಗೆ ಹೇಳಿದೆ, ಅವರು ಅದನ್ನು ವಿಳಾಸ ಎಂದುಕೊಂಡರು.

ಬೇಸಿಗೆ ರಜೆಯಲ್ಲಿ ಇಬ್ಬರೂ ಹೊರಟೆವು. ನನ್ನ ಚೀಲದಲ್ಲಿ ಹೊಲದ ಕಲ್ಲುಗಳು.

"ಇದು ಯಾಕತ್ತೆ?"

"ಬರೀ ಕೈಯಾಗೆ ಓಗಿ ಕೆಲಸ ಕೊಡಿ ಅಂದ್ರೆ ಯಾರ್ ಕೊಟ್ಟಾರು? ಸುಮ್ಕೆ ಬಾ."

ಗೇಟಿನಲ್ಲಿ ಅತ್ತೆ ತೀರಿಕೊಂಡ ಮಾವನ ಹೆಸರು ಹೇಳಿದರು. ಮಾವ ಅದೇ ಗಣಿಯಲ್ಲಿ ದುಡಿದವರು. ಹಳೆಯ ಕಾವಲುಗಾರ ಗುರುತು ಹಿಡಿದು ಒಳಗೆ ಬಿಟ್ಟ. ಲ್ಯಾಬಿನ ಸಾಹೇಬರು ನನ್ನ ಆಸೆಯನ್ನೆಲ್ಲ ಕೇಳಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನು ದೂರದಿಂದಲೇ ತೋರಿಸಿ, "ಕಾಲೇಜು ಮುಗಿಸಿ ಬಾಮ್ಮ" ಎಂದರು. ಅತ್ತೆ ಕಲ್ಲಿನ ಮಾತೇ ಎತ್ತಲಿಲ್ಲ. ಹತ್ತು ನಿಮಿಷದಲ್ಲಿ ನನ್ನ ವಿಜ್ಞಾನ ಮುಗಿಯಿತು. ಕಣ್ಣೀರು ನುಂಗಿಕೊಂಡು ಗೇಟಿಗೆ ಬಂದೆ.

ಕಾವಲುಗಾರ ಕೆಮ್ಮಿದ. ಒಳಗೆ ಹೋಗುವವರನ್ನು ಅಲ್ಲಿ ಯಾರೂ ತಡವಿ ನೋಡುತ್ತಿರಲಿಲ್ಲ. ಹೊರಗೆ ಬರುವವರನ್ನು ಬಿಡುತ್ತಿರಲಿಲ್ಲ. ಅವನು ನನ್ನ ಚೀಲ ಕೊಡವಿದ. ಒಂದು ಪುಸ್ತಕ, ಒಂದು ಸೀಸದ ಕಡ್ಡಿ, ಅಷ್ಟೆ. ಕಲ್ಲು ಇರಲಿಲ್ಲ! ನಾನು ಬೆಪ್ಪಾಗಿ ನಿಂತಿದ್ದಂತೆಯೇ ಅವನ ಕಣ್ಣು ಅತ್ತೆಯ ಉಬ್ಬಿದ ಮಡಿಲಿನ ಮೇಲೆ ಬಿತ್ತು.

"ಎನ್ನಕ್ಕಾ ಅದು?" ಎಂದ, ತಮಿಳು ಬೆರೆಸಿ.

"ನಮ್ಮ ಒಲದ ಕಲ್ಲಪ್ಪಾ. ನಾವೇ ತಂದಿದ್ದು."

"ಗಣಿಗೆ ಯಾರಾದ್ರೂ ಕಲ್ಲು ತಕ್ಕೊಂಡು ಬರ್ತಾರಾ? ಯಜಮಾನ್ರ ಹೆಸರು ಒಳಗೆ ಬರಾಕೆ ಸರಿಯೋಯ್ತು. ಆಚೆ ಓಗಾಕೆ ಆಗಲ್ಲಕ್ಕಾ. ಪೊಲೀಸಿಗೆ ಯೋಳ್ಬೇಕು."

ಅದುರು ಕದ್ದವರು ಜೈಲು ಕಂಡದ್ದನ್ನು ಆ ಊರಿನಲ್ಲಿ ಕೇಳದವರಿಲ್ಲ. ಅತ್ತೆ ಮಾತ್ರ ಸಂತೆಯಲ್ಲಿ ವ್ಯಾಪಾರಕ್ಕೆ ನಿಂತವರಂತಿದ್ದರು.

"ಕದ್ದಿದ್ದಾದ್ರೆ ಚಿನ್ನ ಇರ್ಬೇಕಲ್ಲ? ಸಾಹೇಬ್ರು ಪರೀಕ್ಷೆ ಮಾಡ್ಲಿ. ಕುಟ್ಟಾಕೆ ನಮ್ಮುಡ್ಗಿ ಅವಳೆ."

ಹೀಗೆ ಕೈದಿಗಳ ಹಾಗೆ ಮತ್ತೆ ಒಳಗೆ ಹೋದೆವು. ಸಾಹೇಬರು ತಲೆ ಚಚ್ಚಿಕೊಂಡು ಒಪ್ಪಿದರು. ನಾನು ಕಬ್ಬಿಣದ ಒರಳಿನಲ್ಲಿ ಕಲ್ಲು ಕುಟ್ಟಿದೆ, ಜರಡಿ ಹಿಡಿದೆ, ಅವರು ಹೇಳಿದಂತೆ ತೂಗಿ ಸೀಸದ ಪುಡಿ ಬೆರೆಸಿ ಮೂಸೆಗೆ ತುಂಬಿದೆ. ಕುಲುಮೆ ಕೆಂಪಗೆ ಉರಿಯುತ್ತಿತ್ತು. ಕೊನೆಗೆ ಸೀಸವನ್ನೆಲ್ಲ ಮೂಳೆಬೂದಿಯ ಪುಟ್ಟ ಬಟ್ಟಲು ಕುಡಿದುಬಿಡುತ್ತದಂತೆ. ಚಿನ್ನವಿದ್ದರೆ ಮಣಿಯಂತೆ ತಳದಲ್ಲಿ ಉಳಿಯುತ್ತದಂತೆ. ಬದುಕಿನ ಮೊದಲ ಪ್ರಯೋಗ. ಏನೂ ಸಿಗದಿರಲೆಂದು ದೇವರಿಗೆ ಮೊರೆಯಿಡುತ್ತಾ ಮಾಡಿದೆ!

ಸಾಹೇಬರು ಭೂತಗನ್ನಡಿ ಹಿಡಿದು ನೋಡಿದರು. "ಏನೂ ಇಲ್ಲ. ಬರೀ ಕಲ್ಲು."

ನಾನು ಕುಸಿದು ಕೂತೆ. ಅತ್ತೆ ಎದ್ದು ನಿಂತರು.

"ಸರ್ಯಾಗಿ ನೋಡಿ ಸ್ವಾಮಿ. ಒಂದು ಚೂರೂ ಇಲ್ವಾ?"

"ಅಮ್ಮಾ, ಇದ್ದರೆ ನೀವು ಜೈಲಿಗೆ."

"ಅದು ಬೇರೆ ಮಾತು. ಒಲದ ಮರ್ಯಾದೆ ಪ್ರಶ್ನೆ. ಅಟ್ಟದಾಗೆ ಇನ್ನೂ ಒಂದು ಗುಡ್ಡೆ ಐತೆ."

ಸಾಹೇಬರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಕೈ ಚೊಕ್ಕವಾಗಿದೆ ನಿಂದು. ರಜೆ ಮುಗಿಯೋವರೆಗೆ ಬಾ. ಅತ್ತೇನ ಮನೇಲಿ ಬಿಟ್ಟು ಬಾ" ಎಂದರು. ಆ ರಜೆಯ ಕೊನೆಗೆ ಅವರೇ ಅಪ್ಪನನ್ನು ಕರೆಸಿ ಮಾತಾಡಿದ್ದರಿಂದ ಜಾತಕ ಮತ್ತೆ ಪೆಟ್ಟಿಗೆ ಸೇರಿತು.

ಅವತ್ತು ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಹತ್ತಿದ ಮೇಲೆ ಕೇಳಿದೆ: "ಕಲ್ಲು ನನ್ನ ಚೀಲದಲ್ಲಿತ್ತಲ್ಲ, ನಿಮ್ಮ ಮಡಿಲಿಗೆ ಯಾವಾಗ ಬಂತು?"

"ನೀನು ಆ ತಕ್ಕಡಿ ನೋಡ್ತಾ ಬಾಯ್ಬಿಟ್ಕೊಂಡು ನಿಂತಿದ್ದಾಗ."

"ಗೇಟಲ್ಲಿ ನೋಡ್ತಾರೆ ಅಂತ ಗೊತ್ತಿತ್ತಾ?"

"ನಿಮ್ಮಾವನ್ನ ದಿನಾ ಮೈ ತಡವೀನೇ ಆಚೆ ಬಿಡ್ತಿದ್ದಿದ್ದು. ನಂಗೊತ್ತಿಲ್ವಾ?"

"ಮತ್ತೆ ಅಲ್ಲೇ ಬಿಸಾಕಬಹುದಿತ್ತಲ್ಲ ಅತ್ತೆ."

"ಬಿಸಾಕಿದ್ರೆ ನಿನ್ನ ವಾಪಸ್ ಒಳಕ್ಕೆ ಯಾರ್ ಕರೀತಿದ್ರು ಮಗಾ?"

ಆ ಕಲ್ಲಿನಲ್ಲಿ ಚಿನ್ನ ಇದ್ದೇ ಇದೆ ಎಂದು ಜಗತ್ತಿನಲ್ಲಿ ನಂಬಿದ್ದವರು ಅತ್ತೆ ಒಬ್ಬರೇ. ಸಿಕ್ಕಿದ್ದರೆ ಜೈಲಿಗೆ ಹೋಗಬೇಕಾಗಿದ್ದವರೂ ಅವರೇ. ಅವರು ಖಾಲಿ ಮಡಿಲನ್ನು ಬಿಚ್ಚಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ನೋಡುತ್ತಿದ್ದರು. ಸೆರಗಿನ ತುದಿ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ನಾನೇ ಸಿಕ್ಕಿಸಿದೆ.