ಮಂಟಪದ ಕಂಪ್ಯೂಟರಿಗೆ ನಮ್ಮ ಕೊಳಗ ಕಾಣಿಸಿದ್ದು

ಎರಡು ಕಂಪ್ಯೂಟರುಗಳು ಒಂದನ್ನೊಂದು ಮಾತಾಡಿಸಲು ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಕನಿಷ್ಠ ಇಬ್ಬರು ಮಾತು ಬಿಡುತ್ತಾರೆ. ಸಂಜೆಗೆ ಸೇರಿ ನಗುತ್ತಾರೆ. ಎರಡನ್ನೂ ನಾನು ಬರೆದಿಟ್ಟಿದ್ದೇನೆ.

ಪುಟ್ಟೇನಹಳ್ಳಿಯಲ್ಲಿ ನಮ್ಮದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಯಾವ ಕೊಳಗ ಯಾರ ಮನೆಗೆ ಹೋಯಿತು, ಯಾವ ಸ್ಥಿತಿಯಲ್ಲಿ ವಾಪಸಾಯಿತು ಎಂಬುದೆಲ್ಲ ನನ್ನ ನೋಟ್‌ಬುಕ್ಕುಗಳಲ್ಲಿದೆ. ಬಿ.ಎಸ್ಸಿ. ಓದಿದವಳು ನಾನು, ಅಂದಾಜಿನ ಮೇಲೆ ಏನನ್ನೂ ಬರೆಯುವುದಿಲ್ಲ. ನಮಗೆ ಹೆಚ್ಚು ಆರ್ಡರ್ ಬರುವುದು ಯಲಹಂಕದ ಒಂದು ಕಲ್ಯಾಣ ಮಂಟಪದಿಂದ. ಈ ವರ್ಷ ಅಲ್ಲಿನ ಮ್ಯಾನೇಜರು ಹೇಳಿ ಕಳಿಸಿದರು: ಇನ್ನು ಬುಕಿಂಗ್ ಎಲ್ಲ ನಮ್ಮ ಡೇಟಾಬೇಸಿನಲ್ಲಿ. ಯಾವ ಅಂಗಡಿಯ ಸಾಮಾನು ನಮ್ಮ ಕಂಪ್ಯೂಟರಿಗೆ ನೇರವಾಗಿ ಕಾಣುತ್ತದೋ ಅವರಿಗೇ ಆರ್ಡರ್. ಯುಗಾದಿಯೊಳಗೆ ಜೋಡಿಸಿಕೊಳ್ಳಿ.

ನಾಗಸಂದ್ರದ ಅಂಗಡಿಯವರು ಆಗಲೇ ಜೋಡಿಸಿಕೊಂಡಿದ್ದರು. ಮಂಟಪ ಕೈಬಿಟ್ಟರೆ ನಮ್ಮ ಪಾತ್ರೆಗಳು ಗೋದಾಮಿನಲ್ಲೇ ಮಲಗಬೇಕು. ಪುಣ್ಯಕ್ಕೆ ನಮ್ಮ ಸೊಸೆ ಪ್ರೋಗ್ರಾಂ ಬರೆಯುವವಳು. "ನಾನ್ ಮಾಡ್ಕೊಡ್ತೀನಿ ಅತ್ತೆ" ಎಂದಳು.

೧. ಡ್ರೈವರ್

ಮೊದಲ ಭಾನುವಾರವೇ ಸೊಸೆ ಲ್ಯಾಪ್‌ಟಾಪ್ ಮುಂದೆ ಕೂತು, "ಮಂಟಪದ ಡೇಟಾಬೇಸ್‌ಗೆ ಕನೆಕ್ಟ್ ಆಗ್ತಿಲ್ಲ. ಡ್ರೈವರ್ ಇಲ್ಲ ಅಂತ ಬರ್ತಿದೆ" ಎಂದಳು.

ವರಾಂಡದಲ್ಲಿದ್ದ ನಮ್ಮ ಯಜಮಾನರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ರಜೆಯಲ್ಲಿದ್ದ ನಮ್ಮ ಟೆಂಪೋ ಡ್ರೈವರಿಗೆ ಫೋನ್ ಮಾಡಿ ಅಬ್ಬಿಗೆರೆಯಿಂದ ಕರೆಸಿಯೇಬಿಟ್ಟರು. ತಂಗಿಯ ಮಗುವಿನ ನಾಮಕರಣ ಬಿಟ್ಟು, ಹೊಸ ಷರ್ಟಿನಲ್ಲೇ ಬಂದು ನಿಂತ ಪಾಪ.

ಸೊಸೆ ನಾಚಿಕೊಂಡು ವಿವರಿಸಿದಳು. "ಇದು ಬೇರೆ ಡ್ರೈವರ್ ಅಣ್ಣ. ಒಂದು ಚಿಕ್ಕ ಪ್ರೋಗ್ರಾಂ. ನಮ್ಮ ಕಂಪ್ಯೂಟರ್ ಕೇಳಿದ್ದನ್ನ ಅವರ ಡೇಟಾಬೇಸ್‌ಗೆ ತಿಳಿಯೋ ಹಾಗೆ ಹೇಳುತ್ತೆ, ಉತ್ತರ ತರುತ್ತೆ."

"ಹೋಗಿ ಬರೋ ಕೆಲ್ಸ ತಾನೇ. ಸಂಬಳ ಎಷ್ಟು ಮೇಡಂ?"

"ಸಂಬಳ ಇಲ್ಲ ಅಣ್ಣ, ಫ್ರೀ."

ಅವನು ವರಾಂಡದ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದ. "ಅದನ್ನ ಮಾತ್ರ ಯಜಮಾನ್ರಿಗೆ ಹೇಳ್ಬೇಡಿ."

೨. ಪರ್ಮಿಷನ್

ಡ್ರೈವರ್ ಸಿಕ್ಕಿತು. ಮಂಟಪದವರು ಪಾಸ್‌ವರ್ಡ್ ಕೊಟ್ಟರು. ಸೊಸೆ ತೆರೆದು ತೋರಿಸಿದಳು. "ನೋಡಿ ಮಾವ, ಸದ್ಯಕ್ಕೆ ಅವರ ಪಟ್ಟಿ ನೋಡ್ಬಹುದು ಅಷ್ಟೇ. ಏನನ್ನೂ ಬದಲಾಯಿಸೋಕೆ ನಮಗೆ ಪರ್ಮಿಷನ್ ಇಲ್ಲ."

ಯಜಮಾನರು ತಲೆಯಾಡಿಸಿದರು. "ನಲವತ್ತು ವರ್ಷದಿಂದ ಈ ಮನೇಲಿ ನಂದೂ ಇಂಗೇ ಕಣಮ್ಮ."

ಇದನ್ನು ಬರೆಯಬೇಡ ಎಂದರು. ಬರೆದೆ.

೩. ಲೀಟರ್

ಮುಂದಿನ ವಾರ ನಮ್ಮ ಸಾಮಾನು ಸೇರಿಸುವ ಪರ್ಮಿಷನ್ನೂ ಸಿಕ್ಕಿತು. ಆದರೆ ಮಂಟಪದ ಡೇಟಾಬೇಸಿಗೆ ಪ್ರತಿ ಪಾತ್ರೆಯ ಅಳತೆ ಲೀಟರಿನಲ್ಲೇ ಬೇಕು. ನನ್ನ ಪುಸ್ತಕದಲ್ಲಿ 'ಇನ್ನೂರು ಜನರ ಸಾರಿನದು', 'ಇಬ್ಬರು ಎತ್ತುವ ಹಂಡೆ' ಎಂದಿದೆ.

"ಇನ್ನೂರು ಜನರ ಸಾರು ಅಂದ್ರೆ ಎಷ್ಟು ಲೀಟರ್ ಅತ್ತೆ?"

"ಗಂಡಿನ ಕಡೆಯವರು ಎಷ್ಟು ಜನ ಅನ್ನೋದರ ಮೇಲೆ."

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಅಳೆದೇ ಬರೆಯೋಣ ಎಂದು ತೀರ್ಮಾನವಾಯಿತು. ಬೆಳಿಗ್ಗೆಯೇ ಪಾತ್ರೆಗಳನ್ನೆಲ್ಲ ಅಂಗಡಿ ಮುಂದೆ ಸಾಲಾಗಿಟ್ಟು, ಅಳತೆಯ ಬಕೆಟಿನಲ್ಲಿ ನೀರು ತುಂಬುತ್ತ ಹೋದೆವು. ಅಳೆದ ನೀರನ್ನು ಚೆಲ್ಲದೆ ಪಕ್ಕದ ಪಾತ್ರೆಗೆ ಸುರಿಯುತ್ತಿದ್ದೆವು. ಆದರೆ ಬೀದಿಯವರಿಗೆ ಕಂಡದ್ದು ನಾವು ಕೊಪ್ಪರಿಗೆಗಟ್ಟಲೆ ನೀರು ಹಿಡಿಯುತ್ತಿರುವುದು.

ಎದುರುಮನೆಯಾಕೆ ಬಂದು ಕೇಳಿದರು. "ಏನ್ರೀ, ಎಷ್ಟು ದಿನ ನೀರ್ ಬರಲ್ವಂತೆ?"

"ಹಾಗೇನಿಲ್ಲ, ಕಂಪ್ಯೂಟರಿಗೆ" ಎಂದೆ.

"ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ ಬಿಡಿ" ಎಂದು ಹೋದರು. ಅರ್ಧ ಗಂಟೆಯಲ್ಲಿ ಬೀದಿಯ ಎಲ್ಲ ನಲ್ಲಿಗಳೂ ತೆರೆದವು. ಡ್ರಮ್ಮು, ಬಕೆಟ್ಟು, ಮಕ್ಕಳ ಸ್ನಾನದ ಟಬ್ಬು ಎಲ್ಲ ತುಂಬಿ, ಮಧ್ಯಾಹ್ನಕ್ಕೆ ನೀರು ನಿಜವಾಗಿಯೂ ನಿಂತುಹೋಯಿತು. ಅಂದಿನಿಂದ ನೀರಿನ ಸಮಾಚಾರವನ್ನು ಎಲ್ಲರೂ ನನ್ನ ಹತ್ತಿರವೇ ಕೇಳುತ್ತಾರೆ.

೪. ಹೆಸರು

ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಕೊನೆಯದಾಗಿ ನಮ್ಮ ಹಳೆಯ ಗಿರಾಕಿಗಳ ಪಟ್ಟಿಯನ್ನು ಮಂಟಪದ ಡೇಟಾಬೇಸಿಗೆ ಕಳಿಸಬೇಕಿತ್ತು. ಅದು ತಲುಪಿದರೆ ಜೋಡಣೆ ಸರಿ ಎಂದರ್ಥ. ಟೈಪ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ.

ಸೊಸೆ ಒಂದೇ ಎಚ್ಚರಿಕೆ ಹೇಳಿದ್ದಳು. "ಹೆಸರಿನ ಜಾಗ ಖಾಲಿ ಬಿಡ್ಬೇಡಿ ಅತ್ತೆ. ಖಾಲಿ ಇದ್ರೆ ಆ ಡೇಟಾಬೇಸ್ ತಗೊಳ್ಳಲ್ಲ."

ನಾನು ಖಾಲಿ ಬಿಡಲಿಲ್ಲ. ಆದರೆ ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೆ ಮೂವರಿರುತ್ತಾರೆ. ಹೆಸರು ಬರೆದು ಪ್ರಯೋಜನವಿಲ್ಲ. ಫೋನ್ ನಂಬರಿನ ಪಕ್ಕ ನಾನು ಬರೆಯುವುದು ಗುರುತು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಟೈಪ್ ಮಾಡಿದೆ. ಸೊಸೆ ಮಧ್ಯಾಹ್ನ ಕಳಿಸಿದಳು. ತಲುಪಿತು. ಇಬ್ಬರೂ ಕಾಫಿ ಕುಡಿದೆವು.

ಹೊಸ ಹೆಸರು ಸೇರಿದ ಕೂಡಲೇ ಮಂಟಪದ ಕಂಪ್ಯೂಟರು ತಾನಾಗಿಯೇ ಶುಭಾಶಯ ಕಳಿಸುತ್ತದೆಂದು ನಮಗೆ ಗೊತ್ತಿರಲಿಲ್ಲ.

ಕಾಫಿ ಲೋಟ ತೊಳೆಯುವಷ್ಟರಲ್ಲಿ ಹಿಂದಿನ ಬೀದಿಯವರು ಬಂದು ಫೋನ್ ತೋರಿಸಿದರು. 'ಆತ್ಮೀಯ ಮೂರು ಸೌಟು ಕೊಡಬೇಕಾದವರೇ, ತಮ್ಮ ಮುಂದಿನ ಶುಭಕಾರ್ಯಕ್ಕೆ ಸ್ವಾಗತ.' ಎರಡು ಸೌಟು ಮೇಜಿನ ಮೇಲಿಟ್ಟು, "ಇನ್ನೊಂದು ಅಳಿಯನ ಮನೇಲಿದೆ, ತಂದ್ಕೊಡ್ತೀನಿ" ಎಂದು ಹೊರಟರು. ಅವರ ಹಿಂದೆಯೇ ಒಂದು ಫೋನು: "ಕೊಳಗ ಸೊಟ್ಟ ಮಾಡಿದ್ದು ನಾವಲ್ಲ ಕಣ್ರೀ, ಅಡುಗೆಯವರು."

ಸೊಸೆ ನನ್ನ ಪಟ್ಟಿ ತೆರೆದು ಓದುತ್ತ ಹೋದಳು. ಒಂದು ಕಡೆ ನಿಂತಳು. "ಅತ್ತೆ, ಇದು ಮಂಟಪದ ಮ್ಯಾನೇಜರ್ ನಂಬರಲ್ವಾ?"

ಹೌದು. ಅವರ ಗೃಹಪ್ರವೇಶಕ್ಕೂ ನಮ್ಮ ಪಾತ್ರೆಯೇ ಹೋಗಿತ್ತು. ಪಕ್ಕದಲ್ಲಿ ನಾನು ಬರೆದಿದ್ದ ಗುರುತು: 'ಸುಮ್ಮನೆ ಕೂಗಾಡುವವರು'.

ಅಷ್ಟರಲ್ಲಿ ಅವರದೇ ಫೋನು ಬಂತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ. "ಏನಮ್ಮಾ ಇದು? ಯಾರಮ್ಮಾ ಇದನ್ನ ಬರ್ದಿದ್ದು?"

ಇಷ್ಟು ದಿನದ ಕೆಲಸ ನೀರುಪಾಲಾಯಿತು ಎಂದುಕೊಂಡೆ. ಆದರೂ ನನ್ನ ದಾಖಲೆಯನ್ನು ನಾನು ಬಿಟ್ಟುಕೊಡುವವಳಲ್ಲ. "ನಾನೇ ಬರೆದದ್ದು. ತಪ್ಪಿದ್ದರೆ ಹೇಳಿ, ಈಗಲೇ ತಿದ್ದುತ್ತೇನೆ."

ಫೋನಿನಲ್ಲಿ ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತು: "ಕರೆಕ್ಟಾಗೇ ಇದೆ, ತಿದ್ದಿಸ್ಬೇಡಿ."

ಆಮೇಲೆ ಆ ಮನುಷ್ಯನಿಂದ ನಾನು ಎಂದೂ ಕೇಳಿರದ ಮೆಲುದನಿಯಲ್ಲಿ ಮಾತು ಬಂತು. "ಕನೆಕ್ಷನ್ ಸರಿಯಾಗಿದೆಯಮ್ಮಾ. ಯುಗಾದಿ ಆದ್ಮೇಲೆ ಮೊದಲ ಮದುವೆಗೆ ನಿಮ್ದೇ ಪಾತ್ರೆ. ನೋಡಿ, ಈಗ ಮೆತ್ತಗೆ ಹೇಳ್ತಿದ್ದೀನಿ. ಅದನ್ನೂ ಬರ್ಕೊಳ್ಳಿ."